ಇಪ್ಪತ್ನಾಲ್ಕರ ದೊರೆಯನ್ನು ಯಾರೂ ಕೇಳದ ಪ್ರಶ್ನೆ

ಎಫ್‌ಡಿಎ, ಪಿಎಸ್‌ಐ, ಕೆಎಎಸ್ ಎಂದು ಓದುತ್ತ ಕೂತವರಿಗೆ ಸುರಪುರದ ನಾಲ್ವಡಿ ವೆಂಕಟಪ್ಪ ನಾಯಕ ಒಂದು ಅಂಕದ ಪ್ರಶ್ನೆ. 1857–58ರ ಬಂಡಾಯದಲ್ಲಿ ಕನ್ನಡ ನಾಡಿನಿಂದ ಎದ್ದವರು ಯಾರು ಎಂದರೆ ಹಲಗಲಿಯ ಬೇಡರು, ಮುಂಡರಗಿ ಭೀಮರಾಯ, ನರಗುಂದದ ಬಾಬಾಸಾಹೇಬ, ಸುರಪುರದ ವೆಂಕಟಪ್ಪ ನಾಯಕ. ಸರಿಯಾದ ಆಯ್ಕೆಗೆ ಗುರುತು ಹಾಕಿ ಮುಂದಿನ ಪ್ರಶ್ನೆಗೆ ಹೋಗುತ್ತೇವೆ. ಗೈಡುಗಳಲ್ಲಿ ಅವನ ವಯಸ್ಸು ಇರುವುದಿಲ್ಲ. ಹುಟ್ಟಿದ್ದು 1834ರಲ್ಲಿ, ತೀರಿಕೊಂಡದ್ದು 1858ರ ಮೇ ತಿಂಗಳಲ್ಲಿ. ಲೆಕ್ಕ ಹಾಕಿದರೆ 24. ಡಿಗ್ರಿ ಮುಗಿಸಿ ಎರಡನೇ ಸಲ ಪರೀಕ್ಷೆ ಕಟ್ಟುತ್ತಿರುವ ನಮ್ಮ ಓಣಿಯ ಹುಡುಗನ ವಯಸ್ಸು ಅದು. ಈ ಬರಹದಲ್ಲಿ ನಾನು ಅವನನ್ನು ‘ಅವನು’ ಎಂದೇ ಬರೆಯುತ್ತೇನೆ. ಇದು ಅಗೌರವವಲ್ಲ. ಕಲ್ಲಿನ ಪ್ರತಿಮೆಯಾಗುವ ಮೊದಲು ಅವನು ನಮ್ಮ ಓರಗೆಯವನಾಗಿದ್ದ ಎಂಬುದು ಮರೆಯದಿರಲಿ ಎಂದಷ್ಟೆ.

ದೋರನಹಳ್ಳಿಯಿಂದ ಹೊರಟು ಶಹಾಪುರ ದಾಟಿದರೆ ಸುರಪುರದ ಗುಡ್ಡಗಳು ಕಾಣತೊಡಗುತ್ತವೆ. ಬಂಡೆಯ ಮೇಲೆ ಬಂಡೆ ಇಟ್ಟಂಥ ಗುಡ್ಡಗಳು. ಔರಂಗಜೇಬ ತನ್ನ ಮುಪ್ಪಿನಲ್ಲಿ ಖುದ್ದಾಗಿ ಬಂದು ಮುತ್ತಿಗೆ ಹಾಕಿದ ಕೊನೆಯ ಕೋಟೆ ವಾಗಣಗೇರಾ ಇಲ್ಲೇ ಹತ್ತಿರದಲ್ಲಿದೆ. 1705ರಲ್ಲಿ ಕೋಟೆ ಬಿತ್ತು, ಆದರೆ ನಾಯಕರು ಕೈಗೆ ಸಿಗಲಿಲ್ಲ. ಎರಡು ವರ್ಷದಲ್ಲಿ ಬಾದಶಹನೇ ತೀರಿಕೊಂಡ. ಬೇಡ ನಾಯಕರ ಮನೆತನದಲ್ಲಿ ಹುಟ್ಟುವ ಪ್ರತಿ ಮಗುವಿನ ಕಿವಿಗೂ ಈ ಕತೆ ಬಿದ್ದಿರುತ್ತಿತ್ತು. ಹೆಗಲ ಮೇಲೆ ಅಷ್ಟು ಭಾರ ಹೊತ್ತುಕೊಂಡೇ ಹುಟ್ಟಿದವನು ನಮ್ಮ ವೆಂಕಟಪ್ಪ.

ತಂದೆ ರಾಜಾ ಕೃಷ್ಣಪ್ಪ ನಾಯಕ ತೀರಿಕೊಂಡಾಗ ಅವನಿಗೆ ಏಳೆಂಟು ವರ್ಷ. ಅರಮನೆ ಎರಡು ಪಾಲಾಯಿತು. ಒಂದು ಕಡೆ ತಾಯಿ ರಾಣಿ ಈಶ್ವರಮ್ಮ, ಇನ್ನೊಂದು ಕಡೆ ಚಿಕ್ಕಪ್ಪ ಪಿಡ್ಡ ನಾಯಕ. ಎರಡೂ ಕಡೆ ಆಯುಧ ಹಿಡಿದ ಬೇಡರು. ಯಾರು ಆಳಬೇಕು, ಹುಡುಗ ಯಾರ ವಶದಲ್ಲಿರಬೇಕು ಎಂಬುದೇ ಜಗಳ. ನಿಜಾಮನಿಗೆ ಸಲ್ಲಬೇಕಾದ ಕಪ್ಪ ಬಾಕಿ ಉಳಿದಿತ್ತು, ಬ್ರಿಟಿಷ್ ರೆಸಿಡೆಂಟನ ಕಣ್ಣು ಇತ್ತ ತಿರುಗಿತ್ತು. 1840ರ ದಶಕದ ಆರಂಭದಲ್ಲಿ, ಗುಂಡು ಯಾವಾಗ ಹಾರುತ್ತದೋ ಎನ್ನುವಂಥ ಹೊತ್ತಿನಲ್ಲಿ, ನಿಜಾಮನ ಸೈನ್ಯದ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್ ಸುರಪುರಕ್ಕೆ ಬಂದ. ಇತಿಹಾಸ ಬರೆಯುವವರು ಈ ಜಗಳದಲ್ಲಿ ಯಾರು ಗೆದ್ದರು ಎಂದು ಬರೆಯುತ್ತಾರೆ. ಜಗಳದ ನಡುವೆ ನಿಂತಿದ್ದ ಹುಡುಗ ಏನು ನೋಡಿದ, ರಾತ್ರಿ ಹೇಗೆ ಮಲಗಿದ ಎಂದು ಯಾರೂ ಬರೆದಿಟ್ಟಿಲ್ಲ.

ಟೇಲರ್ ಸಾಮಾನ್ಯ ಅಧಿಕಾರಿಯಾಗಿರಲಿಲ್ಲ. ಠಗ್ಗರ ಮೇಲೆ 1839ರಲ್ಲಿ ಬರೆದ ಕಾದಂಬರಿಯಿಂದ ಲಂಡನ್ನಿನಲ್ಲಿ ಹೆಸರು ಮಾಡಿದ್ದ. ಸುರಪುರದ ಗುಡ್ಡದ ಮೇಲೆ ಅವನು ಕಟ್ಟಿಸಿದ ಟೇಲರ್ ಮಂಜಿಲ್ ಇವತ್ತಿಗೂ ಇದೆ. ಹಳ್ಳಿಯ ಜನ ಅವನನ್ನು ಮಹಾದೇವ ಬಾಬಾ ಎಂದು ಕರೆಯುತ್ತಿದ್ದರು. ಪಿಡ್ಡ ನಾಯಕ ತೀರಿಕೊಂಡ ಮೇಲೆ ಸಂಸ್ಥಾನದ ಆಡಳಿತ ಇವನ ಕೈಗೇ ಬಂತು. ಹುಡುಗನಿಗೆ ಇಂಗ್ಲಿಷ್ ಕಲಿಸಿದ, ಲೆಕ್ಕಪತ್ರ ತೋರಿಸಿದ. ತಂದೆಯಿಲ್ಲದ ಹುಡುಗ ಅವನನ್ನು ಅಪ್ಪಾ ಎಂದ. ಹೆಂಡತಿಯನ್ನು ಕಳೆದುಕೊಂಡ, ಹೆಣ್ಣುಮಕ್ಕಳು ದೂರದ ಇಂಗ್ಲೆಂಡಿನಲ್ಲಿದ್ದ ಟೇಲರನಿಗೂ ಆ ಕರೆ ಹಿಡಿಸಿರಬೇಕು.

ವೆಂಕಟಪ್ಪನ ಬದುಕನ್ನು ಮೊದಲು ಅಳೆದವರು ಜೋಯಿಸರು. ಜಾತಕದ ಪ್ರಕಾರ ಅವನು ತನ್ನ 24ನೇ ವರ್ಷ ದಾಟುವುದಿಲ್ಲ. ಈ ಮಾತು ಅರಮನೆಯ ಕೆಲವರಿಗಷ್ಟೇ ಗೊತ್ತಿತ್ತು. ರಾಣಿ ಕಾಯಿಲೆ ಬಿದ್ದಿದ್ದ ಸಮಯದಲ್ಲಿ ಟೇಲರನಿಗೂ ಅದನ್ನು ತಿಳಿಸಲಾಯಿತು. ಅವನು ನಂಬಲಿಲ್ಲ, ಆದರೆ ಮರೆಯಲೂ ಇಲ್ಲ. ಆ ಜಾತಕದಲ್ಲಿ ನಮಗೆ ನಂಬಿಕೆ ಇರಲಿ ಬಿಡಲಿ, ಒಂದು ಮಾತಂತೂ ನಿಜ: ಈ ಮಗು ಉಳಿಯುವುದಿಲ್ಲ ಎಂದು ಒಳಗೊಳಗೇ ನಂಬಿದ ದೊಡ್ಡವರ ನಡುವೆ ಬೆಳೆಯುವುದು ಸಣ್ಣ ಸಂಗತಿಯಲ್ಲ.

1853ರಲ್ಲಿ ಅವನು ಪ್ರಾಯಕ್ಕೆ ಬಂದನೆಂದು ಸಂಸ್ಥಾನವನ್ನು ಅವನ ಕೈಗೆ ಒಪ್ಪಿಸಿ ಟೇಲರ್ ಹೊರಟುಹೋದ. ಅದೇ ವರ್ಷ ನಿಜಾಮ ಬೀರಾರ್, ರಾಯಚೂರು ದೋಆಬ್ ಮೊದಲಾದ ಪ್ರಾಂತ್ಯಗಳನ್ನು ಕಂಪನಿಗೆ ಬಿಟ್ಟುಕೊಟ್ಟಿದ್ದ, ಟೇಲರನಿಗೆ ಅಲ್ಲಿ ಬೇರೆ ಕೆಲಸ ಕಾದಿತ್ತು. ಹತ್ತೊಂಬತ್ತರ ಹುಡುಗನ ಕೈಗೆ ಬೊಕ್ಕಸ, ಸುತ್ತ ಹೊಗಳುಭಟರು, ಗಡಿಯಾಚೆ ಕಂಪನಿಯ ಸೈನ್ಯ. ಮುಂದಿನ ನಾಲ್ಕೈದು ವರ್ಷಗಳ ಬಗ್ಗೆ ನಮಗೆ ಸಿಗುವುದು ಬಹುಪಾಲು ಬಿಳಿಯರು ಬರೆದ ಮಾತು: ಸಾಲ ಮಾಡಿದ, ಕೆಟ್ಟವರ ಸಹವಾಸಕ್ಕೆ ಬಿದ್ದ, ಆಡಳಿತ ಹದಗೆಡಿಸಿದ. ಇದು ಎರಡನೆಯ ಅಳತೆ. ಕಂಪನಿಯ ಫೈಲಿನಲ್ಲಿ ಒಬ್ಬ ರಾಜನ ಮನಸ್ಸಿಗೆ ಇದ್ದದ್ದು ಎರಡೇ ಕಾಲಂ, ನಿಷ್ಠೆ ಇದೆ ಅಥವಾ ಇಲ್ಲ. ಬರೆದದ್ದರಲ್ಲಿ ಸ್ವಲ್ಪ ಸತ್ಯವೂ ಇದ್ದೀತು, ನಾನು ಅಲ್ಲಗಳೆಯುವುದಿಲ್ಲ. ಆದರೆ ಬರೆದವರಿಗೆ ಸಂಸ್ಥಾನ ಬೇಕಾಗಿತ್ತು ಎಂಬುದನ್ನೂ ಪಕ್ಕದಲ್ಲಿಟ್ಟುಕೊಂಡು ಓದಬೇಕು.

ಉತ್ತರದಲ್ಲಿ 1857ರ ಬೆಂಕಿ ಹತ್ತಿದಾಗ ಅದರ ಕಿಡಿ ಇಲ್ಲಿಗೂ ಬಂತು. ಆ ನವೆಂಬರಿನಲ್ಲಿ ಆಯುಧ ಒಪ್ಪಿಸಲು ಒಪ್ಪದ ಹಲಗಲಿಯ ಬೇಡರ ಮೇಲೆ ಕಂಪನಿ ಸೈನ್ಯ ನುಗ್ಗಿತು. ಅದೇ ಕುಲದ ದೊರೆಗೆ ಅದು ದೂರದ ಸುದ್ದಿಯಾಗಿರಲಿಲ್ಲ. ಸುರಪುರದಲ್ಲಿ ಅರಬರು, ರೋಹಿಲರು ಸೇರತೊಡಗಿದರು. 1858ರ ಜನವರಿಯಲ್ಲಿ ರೆಸಿಡೆಂಟ್ ಡೇವಿಡ್‌ಸನ್ ಕ್ಯಾಪ್ಟನ್ ಕ್ಯಾಂಬೆಲ್ ಎಂಬುವನನ್ನು ರಾಜನ ಬಳಿಗೆ ಕಳಿಸಿದ. ಮಾತು ಮುಂದುವರಿಯುತ್ತಿದ್ದಂತೆಯೇ ಸೈನ್ಯಗಳೂ ಮುಂದುವರಿದವು.

ಫೆಬ್ರವರಿ 7ರ ರಾತ್ರಿ ಕ್ಯಾಪ್ಟನ್ ವಿಂಡಂನ ಶಿಬಿರದ ಮೇಲೆ ಸುರಪುರದ ಪಡೆ ಬಿದ್ದಿತು. ಕತ್ತಲಲ್ಲಿ ಬಂಡೆಗಳ ನಡುವೆ ಗುಂಡಿನ ಚಕಮಕಿ ನಡೆಯಿತು. ಮರುದಿನದ ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಸತ್ತ, ಸ್ಟುವರ್ಟ್ ಎಂಬ ಇನ್ನೊಬ್ಬ ಅಧಿಕಾರಿ ಗಾಯದಿಂದ ತೀರಿಕೊಂಡ. ನಮ್ಮ ಕಡೆ ಸತ್ತ ಬೇಡರ ಹೆಸರುಗಳು ಆ ವರದಿಗಳಲ್ಲಿ ಇಲ್ಲ. ಕಂಪನಿಗೆ ಕುಮ್ಮಕ್ಕು ಪಡೆಗಳು ಬಂದು ಕೂಡತೊಡಗಿದವು. ಅಂದು ರಾತ್ರಿ ವೆಂಕಟಪ್ಪ ಕೆಲವೇ ಸವಾರರೊಂದಿಗೆ ಊರು ಬಿಟ್ಟ. ಸುರಪುರ ಶತ್ರುವಿನ ವಶವಾಯಿತು.

ಅವನು ಓಡಿದ್ದು ಹೈದರಾಬಾದಿಗೆ. ನಿಜಾಮನ ನೆರಳು ಸಿಕ್ಕೀತು ಎಂಬ ಆಸೆ ಇತ್ತೋ ಏನೋ. ಪೇಟೆಯಲ್ಲಿ ಅಲೆಯುತ್ತಿದ್ದಾಗ ಸಿಕ್ಕಿಬಿದ್ದ. ದಿವಾನ ಸಾಲಾರ್ ಜಂಗ್ ಅವನನ್ನು ರೆಸಿಡೆಂಟನಿಗೆ ಒಪ್ಪಿಸಿದ. ಕಳೆದ ವಾರ ದೊರೆಯಾಗಿದ್ದವನು ಈಗ ಸಿಕಂದರಾಬಾದಿನ ಸೈನಿಕ ಸೆರೆಯಲ್ಲಿ ಕೈದಿ.

ಅಲ್ಲಿಗೆ ಟೇಲರ್ ಬಂದ. ಸುರಪುರದ ಮೇಲ್ವಿಚಾರಣೆಗೆ ಅವನನ್ನೇ ಮತ್ತೆ ನೇಮಿಸಲಾಗಿತ್ತು, ಹೋಗುವ ದಾರಿಯಲ್ಲಿ ಹುಡುಗನನ್ನು ನೋಡಲು ಹೋದ. ಅವನನ್ನು ಕಂಡೊಡನೆ ವೆಂಕಟಪ್ಪ ಬಿಗಿಯಾಗಿ ತಬ್ಬಿಕೊಂಡು ಬಿಕ್ಕಿಬಿಕ್ಕಿ ಅತ್ತನಂತೆ. ಟೇಲರ್ ಬಂದದ್ದು ಸಂತೈಸುವುದಕ್ಕೆ ಮಾತ್ರ ಅಲ್ಲ. ಬಂಡಾಯಕ್ಕೆ ಕುಮ್ಮಕ್ಕು ಕೊಟ್ಟವರು ಯಾರು ಎಂದು ಹುಡುಗನ ಬಾಯಿ ಬಿಡಿಸಬೇಕು ಎಂಬುದು ರೆಸಿಡೆಂಟನ ಇಚ್ಛೆಯಾಗಿತ್ತು. ಹೆಸರು ಹೇಳಿದರೆ ಶಿಕ್ಷೆ ತಗ್ಗೀತು ಎಂಬ ಆಸೆಯನ್ನೂ ತೋರಿಸಲಾಯಿತು. ವೆಂಕಟಪ್ಪ ಒಂದು ಹೆಸರೂ ಹೇಳಲಿಲ್ಲ. ಜೀವಕ್ಕಾಗಿ ಹಲ್ಲು ಗಿಂಜುವುದಿಲ್ಲ ಎಂದ. ಕಳ್ಳನ ಹಾಗೆ ನೇಣಿಗೆ ಹಾಕಬೇಡಿ, ತೋಪಿನ ಬಾಯಿಗೆ ಕಟ್ಟಿದರೆ ನಡುಗದೆ ನಿಲ್ಲುತ್ತೇನೆ ಎಂದ. ಸೆರೆಮನೆ, ಗಡೀಪಾರು ಮಾತ್ರ ಬೇಡ, ಅತಿ ಬಡ ಬೇಡನೂ ಸೆರೆಯಲ್ಲಿ ಬದುಕಲಾರ, ತಾನಂತೂ ದೊರೆ ಎಂದ. ಇದೆಲ್ಲ ಟೇಲರ್ ತನ್ನ ಆತ್ಮಕತೆಯಲ್ಲಿ ಬರೆದಿಟ್ಟದ್ದರ ಸಾರ. ಆ ಪುಸ್ತಕ ಬಂದದ್ದು 1877ರಲ್ಲಿ, ಅವನು ಸತ್ತ ಮರುವರ್ಷ.

ಈ ಭೇಟಿಯ ಬಗ್ಗೆ ಓದಿದಾಗಲೆಲ್ಲ ನನಗೆ ಮನಶ್ಶಾಸ್ತ್ರದ ಪಾಠದಲ್ಲಿ ಬರುವ ಒಂದು ಪ್ರಶ್ನಾವಳಿ ನೆನಪಾಗುತ್ತದೆ. ಯುದ್ಧ ಕಂಡ ಎಳೆಯರ ಮನಸ್ಸಿಗಾದ ಪೆಟ್ಟನ್ನು ಅಳೆಯಲು ಇಂದು ಜಗತ್ತಿನ ಹಲವೆಡೆ ಅದನ್ನು ಬಳಸುತ್ತಾರೆ. 1858ರಲ್ಲಿ ಇಂಥ ಪೆಟ್ಟಿಗೆ ಒಂದು ಹೆಸರೂ ಇರಲಿಲ್ಲ. ಅಮೆರಿಕದ ಅಂತರ್ಯುದ್ಧದ ಸೈನಿಕರ ಎದೆಬಡಿತದ ಬಗ್ಗೆ ಡಾ ಕೋಸ್ಟಾ ಎಂಬ ವೈದ್ಯ ಬರೆದದ್ದು 1871ರಲ್ಲಿ. ಶೆಲ್ ಶಾಕ್ ಎಂಬ ಮಾತು ವೈದ್ಯಕೀಯ ಪತ್ರಿಕೆಗೆ ಬಂದದ್ದು 1915ರಲ್ಲಿ. ಪಿಟಿಎಸ್‌ಡಿ, ಅಂದರೆ ಆಘಾತದ ನಂತರ ಉಳಿಯುವ ಒತ್ತಡದ ಕಾಯಿಲೆ, ಅಮೆರಿಕದ ಮನೋವೈದ್ಯರ ಕೈಪಿಡಿಗೆ ಸೇರಿದ್ದು 1980ರಲ್ಲಿ. ಅದಕ್ಕೆ ಒಂದು ವರ್ಷ ಮೊದಲು ಹೊರೊವಿಟ್ಸ್ ಮತ್ತು ಸಂಗಡಿಗರು ದೊಡ್ಡವರಿಗಾಗಿ 15 ಪ್ರಶ್ನೆಗಳ ಒಂದು ಅಳತೆಗೋಲು ಮಾಡಿದ್ದರು. ಅದನ್ನೇ ಸರಳಗೊಳಿಸಿ ಮಕ್ಕಳಿಗೆ ಒಗ್ಗಿಸಿದ್ದು ಕ್ರೈಸ್-8. ಬೋಸ್ನಿಯಾ ಯುದ್ಧ ಕಂಡ ಸುಮಾರು 3,000 ಮಕ್ಕಳ ಉತ್ತರಗಳನ್ನು ಇಟ್ಟುಕೊಂಡು ಈ ಅಳತೆಗೋಲನ್ನು ಪರೀಕ್ಷಿಸಿದ್ದಾರೆ.

ಅದರ ಕೆಲಸ ಬಹಳ ಸರಳ. ಎಂಟು ವರ್ಷ ದಾಟಿದ, ಓದಬಲ್ಲ ಮಗು ಕಳೆದ ಏಳು ದಿನಗಳನ್ನು ನೆನೆದು ಎಂಟು ಪ್ರಶ್ನೆಗೆ ಉತ್ತರಿಸಬೇಕು. ನಾಲ್ಕು ಪ್ರಶ್ನೆ, ಬೇಡವೆಂದರೂ ಆ ಘಟನೆ ನುಗ್ಗಿ ಬರುತ್ತದೆಯೇ ಎಂಬುದರ ಬಗ್ಗೆ: ಚಿತ್ರಗಳಾಗಿ ಕಣ್ಣೆದುರು ಬರುತ್ತದೆಯೇ, ಬೇರೇನೋ ನೋಡಿದರೂ ಅದೇ ನೆನಪಾಗುತ್ತದೆಯೇ ಎಂದು. ಇನ್ನು ನಾಲ್ಕು, ಅದರಿಂದ ತಪ್ಪಿಸಿಕೊಳ್ಳುತ್ತೀಯಾ ಎಂಬುದರ ಬಗ್ಗೆ: ಯೋಚಿಸದಿರಲು, ಮಾತಾಡದಿರಲು, ಆ ಜಾಗಗಳ ಹತ್ತಿರ ಸುಳಿಯದಿರಲು ನೋಡುತ್ತೀಯಾ ಎಂದು. ಇಲ್ಲವೇ ಇಲ್ಲ ಎಂದರೆ 0, ಅಪರೂಪಕ್ಕೆ ಎಂದರೆ 1, ಕೆಲವೊಮ್ಮೆ ಎಂದರೆ 3, ಪದೇ ಪದೇ ಎಂದರೆ 5. ಗರಿಷ್ಠ 40. ಮೊತ್ತ 17 ಅಥವಾ ಹೆಚ್ಚು ಬಂದರೆ ಈ ಮಗುವನ್ನು ತಜ್ಞರು ಕೂತು ವಿಚಾರಿಸಬೇಕು ಎಂದರ್ಥ. 17 ಬಂದರೆ ಕಾಯಿಲೆ ಇದೆ ಎಂದಲ್ಲ. ಜ್ವರ ನೋಡುವ ಥರ್ಮಾಮೀಟರ್ ಮಲೇರಿಯಾನೋ ಟೈಫಾಯ್ಡೋ ಹೇಳುವುದಿಲ್ಲ, ಆದರೆ ಮನೆಯಲ್ಲಿ ಕೂರಬೇಡ, ಡಾಕ್ಟರ ಹತ್ತಿರ ಹೋಗು ಎನ್ನುತ್ತದೆ. ಇದೂ ಹಾಗೇ. ನಿದ್ದೆ, ಸಿಟ್ಟು, ಬೆಚ್ಚಿಬೀಳುವುದು ಇತ್ಯಾದಿ ಐದು ಪ್ರಶ್ನೆ ಸೇರಿಸಿದ 13ರ ಆವೃತ್ತಿಯೂ ಇದೆ.

ವೆಂಕಟಪ್ಪನಿಗೆ ಎಷ್ಟು ಬರುತ್ತಿತ್ತು? ಹೇಳಲಾಗುವುದಿಲ್ಲ, ಹೇಳಲೂಬಾರದು. ಸತ್ತವರಿಗೆ ಕಾಯಿಲೆ ಅಂಟಿಸುವುದು ಈಗಿನ ಒಂದು ಚಾಳಿ. ಅವನಿಗೆ ಪಿಟಿಎಸ್‌ಡಿ ಇತ್ತು ಎಂದು ಬರೆದರೆ, ಸಾಲಗಾರ ಎಂದು ಬರೆದ ಅಧಿಕಾರಿಗೂ ನನಗೂ ಏನು ವ್ಯತ್ಯಾಸ? ಈ ಪ್ರಶ್ನಾವಳಿಗೆ ಉತ್ತರ ಕೊಡಬೇಕಾದವನು ಪೆಟ್ಟು ತಿಂದವನೇ, ಪಕ್ಕದಲ್ಲಿ ನಿಂತು ನೋಡಿದವನಲ್ಲ. ಅವನ ಬಗ್ಗೆ ನಮಗಿರುವುದು ಪಕ್ಕದಲ್ಲಿ ನಿಂತವನ ಬರಹ, ಅದೂ ಮಗನಂತೆ ಪ್ರೀತಿಸಿದ, ಜೊತೆಗೆ ಅವನ ವೈರಿಗಳ ಕೆಲಸದಲ್ಲಿದ್ದವನ ಬರಹ.

ಆದರೂ ಆ ಸೆರೆಯೊಳಗೆ ಈ ಎಂಟು ಪ್ರಶ್ನೆ ಇಟ್ಟು ನೋಡಿದರೆ ಅಳತೆಗೋಲಿನ ಬಗ್ಗೆಯೇ ಏನೋ ತಿಳಿಯುತ್ತದೆ. ಆ ಬಗ್ಗೆ ಮಾತಾಡದಿರಲು ನೋಡುತ್ತೀಯಾ ಎಂಬ ಪ್ರಶ್ನೆಯನ್ನೇ ತೆಗೆದುಕೊಳ್ಳಿ. ಹೆಸರು ಹೇಳದೆ ಬಾಯಿ ಮುಚ್ಚಿಕೊಂಡವನಿಗೆ ಅಲ್ಲಿ 5 ಬೀಳುತ್ತದೆ. ಆದರೆ ಅದು ಪೆಟ್ಟಿನ ಗುರುತಲ್ಲ, ನಂಬಿದವರನ್ನು ಹಿಡಿದುಕೊಡದ ನಿಯತ್ತು. ನೆನಪಿಸುವ ಜಾಗದಿಂದ ದೂರ ಇರುತ್ತೀಯಾ ಎಂದರೆ ಕೈದಿ ಎಲ್ಲಿಗೆ ಹೋದಾನು? ಕಾವಲುಗಾರನ ಬಂದೂಕೇ ದಿನವಿಡೀ ಕಣ್ಣೆದುರು. ಹೆಸರಿನಲ್ಲೇ ಆಘಾತದ ನಂತರ ಎಂದಿದೆ, ಆದರೆ ಅವನಿಗೆ ಆ ನಂತರ ಎನ್ನುವುದು ಬಂದೇ ಇರಲಿಲ್ಲ. ಇವತ್ತೂ ಯುದ್ಧ ನಿಲ್ಲದ ಊರುಗಳಲ್ಲಿ ಮಕ್ಕಳ ಕೈಗೆ ಹಾಳೆ ಕೊಡುವ ಸಂಶೋಧಕರು ಎದುರಿಸುವ ತೊಡಕೂ ಇದೇ. ಬಾಂಬು ಮತ್ತೆ ಬೀಳುವ ಕಡೆ ಸದಾ ಎಚ್ಚರವಾಗಿರುವುದು ರೋಗಲಕ್ಷಣವೋ, ಬದುಕುವ ದಾರಿಯೋ?

ಎಲ್ಲಕ್ಕಿಂತ ದೊಡ್ಡದು, ಕೇಳುವವರು ಯಾರು ಎಂಬುದು. ಟೇಲರನ ಜೇಬಿನಲ್ಲಿ ಎರಡು ಕೆಲಸ ಇದ್ದವು, ಸಂತೈಸುವುದು ಮತ್ತು ಹೆಸರು ಕಕ್ಕಿಸುವುದು. ಉತ್ತರ ತನ್ನ ಕುತ್ತಿಗೆಗೋ ತನ್ನವರ ಕುತ್ತಿಗೆಗೋ ಬರುತ್ತದೆ ಎಂದಿದ್ದಾಗ ಯಾವ ಅಂಕವೂ ನಿಜವಾಗುವುದಿಲ್ಲ. ಶಾಲೆಗೆ ಬಂದ ಮೇಡಂ, ಶಿಬಿರಕ್ಕೆ ಬಂದ ಡಾಕ್ಟರು ತನ್ನ ಮಾತನ್ನು ಪೊಲೀಸರಿಗೋ ಅಪ್ಪನಿಗೋ ಮುಟ್ಟಿಸುವುದಿಲ್ಲ ಎಂದು ಮಗುವಿಗೆ ಖಾತ್ರಿಯಾದ ಮೇಲೇ ಆ 0, 1, 3, 5ಕ್ಕೆ ಬೆಲೆ.

ಇನ್ನೊಂದು ತೊಡಕು ಭಾಷೆಯದು. ಚಿತ್ರಗಳು ಮನಸ್ಸಿಗೆ ನುಗ್ಗುತ್ತವೆಯೇ ಎಂದು ಪುಸ್ತಕದ ಕನ್ನಡದಲ್ಲಿ ಕೇಳಿದರೆ ನಮ್ಮ ಕಡೆಯ ಮಗು ಮಿಕಿಮಿಕಿ ನೋಡೀತು. ನಮ್ಮಲ್ಲಿ ಎದಿ ಝಲ್ ಅಂತದ, ನಿದ್ದಿ ಹತ್ತಲ್ದು, ಹುಡುಗಗ ಅಂಜಿಕಿ ಹೊಕ್ಕದ ಅಂತಾರೆ. ಅಂಜಿಕಿ ಹೊಕ್ಕ ಹುಡುಗನಿಗೆ ತಾಯತ ಕಟ್ಟಿಸುತ್ತಾರೆ, ಆಸ್ಪತ್ರೆಗೆ ಕರೆದೊಯ್ಯುವುದು ಆಮೇಲೆ. ಆ ಮಾತುಗಳಲ್ಲೇ ಪ್ರಶ್ನೆ ಕಟ್ಟಿ, ಮತ್ತೆ ಇಂಗ್ಲಿಷಿಗೆ ತಿರುಗಿಸಿ ಅರ್ಥ ಕೆಟ್ಟಿಲ್ಲವೆಂದು ನೋಡಿ, ನೂರಾರು ಮಕ್ಕಳ ಮೇಲೆ ಪರೀಕ್ಷಿಸಿದ ಮೇಲೆ ಮಾತ್ರ ಅದು ಇಲ್ಲಿನ ಅಳತೆಗೋಲು. ಮನಶ್ಶಾಸ್ತ್ರ, ಸಮಾಜಕಾರ್ಯ ಓದುವ ಗೆಳೆಯರಿಗೆ ಇಲ್ಲಿ ಮಾಡುವಷ್ಟು ಕೆಲಸ ಇದೆ. ಇನ್ನು ಈ ಸಾಲುಗಳನ್ನು ಓದುತ್ತ ಇದು ನನ್ನದೇ ಮಾತು ಎನಿಸಿದವರು 14416ಕ್ಕೆ ಕರೆ ಮಾಡಬಹುದು. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ ಅದು. ನಿಮ್ಹಾನ್ಸ್ ಅದರ ಕೇಂದ್ರ ಸಂಸ್ಥೆ. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಸೆರೆಯಲ್ಲಿದ್ದವನ ಕತೆ ಇನ್ನು ಸ್ವಲ್ಪವೇ ಉಳಿದಿದೆ. ಸೈನಿಕ ನ್ಯಾಯಾಲಯ ಮರಣದಂಡನೆ ವಿಧಿಸಿತು. ರೆಸಿಡೆಂಟ್ ಅದನ್ನು ಜೀವಾವಧಿ ಗಡೀಪಾರಿಗೆ ಇಳಿಸಿದ. ಗವರ್ನರ್ ಜನರಲ್ ಇನ್ನೂ ಇಳಿಸಿ, ಮದರಾಸಿನ ಹತ್ತಿರದ ಚೆಂಗಲ್ಪಟ್ಟು ಕೋಟೆಯಲ್ಲಿ ನಾಲ್ಕು ವರ್ಷ ಇಡಿ, ನಡತೆ ಸರಿ ಕಂಡರೆ ಸಂಸ್ಥಾನ ಮರಳಿ ಕೊಡುವ ಬಗ್ಗೆ ನೋಡೋಣ ಎಂದ. ಟೇಲರನಿಗೆ ಇದು ಗೆಲುವೆನಿಸಿತು. ಜಾತಕ ಸುಳ್ಳಾಯಿತಲ್ಲ ಎಂದು ಸುರಪುರದ ಶಾಸ್ತ್ರಿಗಳಿಗೆ ಹೇಳಿದ. ಅವಧಿ ಇನ್ನೂ ಮುಗಿದಿಲ್ಲ ಎಂದರು ಅವರು. ಬಿಳಿಯರ ಲೆಕ್ಕದಲ್ಲಿ ಗಲ್ಲಿನಿಂದ ನಾಲ್ಕು ವರ್ಷಕ್ಕೆ ಬಂದದ್ದು ದೊಡ್ಡ ದಯೆ. ಸೆರೆಯೊಂದು ಬೇಡ ಎಂದವನ ಲೆಕ್ಕದಲ್ಲಿ ಅದು ಏನಾಗಿತ್ತು? ಅವನಿಗೆ ಬೇಡವಾದದ್ದು ಯಾವುದೆಂದು ಅವನು ತನ್ನ ಬಾಯಿಂದಲೇ ಹೇಳಿದ್ದ. ಕೇಳಿಸಿಕೊಂಡವನು ಬರೆದೂ ಇಟ್ಟಿದ್ದಾನೆ. ಆದರೂ ಆ ಮಾತನ್ನು ಯಾರೂ ಎಚ್ಚರಿಕೆಯ ಗಂಟೆಯೆಂದು ತಿಳಿಯಲಿಲ್ಲ.

ಮದರಾಸಿನ ಕಡೆ ಕರೆದೊಯ್ಯುವಾಗ ಮೊದಲ ತಂಗುದಾಣದಲ್ಲೇ, 1858ರ ಮೇ 11ರಂದು, ಕಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡು ತಗುಲಿ ವೆಂಕಟಪ್ಪ ಸತ್ತ. ಅಧಿಕಾರಿ ಪಿಸ್ತೂಲು ಬಿಟ್ಟು ಡೇರೆಯಿಂದ ಹೊರಗೆ ಹೋಗಿದ್ದ ಎಂದು ದಾಖಲೆ. ತಾನೇ ಹೊಡೆದುಕೊಂಡನೋ, ಕೈತಪ್ಪಿ ಹಾರಿತೋ ಎಂದು ಟೇಲರನೂ ಖಚಿತವಾಗಿ ಹೇಳಲಾರದೆ ಹೋದ. ಸಾಯುವ ಮೊದಲಿನ ಮೂರು ತಿಂಗಳು ಅವನು ಹೇಗೆ ಮಲಗಿದ, ಕಣ್ಣು ಮುಚ್ಚಿದರೆ ಏನು ಕಾಣುತ್ತಿತ್ತು ಎಂದು ಕೇಳಿದ ಒಂದು ಸಾಲೂ ವಿಚಾರಣೆಯ ವಿವರಗಳಲ್ಲಿ ಕಾಣುವುದಿಲ್ಲ.

ಸುದ್ದಿ ಸುರಪುರ ಮುಟ್ಟಿದಾಗ ಶಾಸ್ತ್ರಿಗಳ ಮಾತು ನಿಜವಾಯಿತೆಂದು ಊರು ಅಂದುಕೊಂಡಿತು. 1860ರಲ್ಲಿ ಬ್ರಿಟಿಷರು ಸುರಪುರವನ್ನು ನಿಜಾಮನಿಗೆ ಒಪ್ಪಿಸಿದರು, ಸಂಸ್ಥಾನ ಮುಗಿಯಿತು. ನಾಲ್ಕು ವರ್ಷದ ಶಿಕ್ಷೆ ಪೂರ್ತಿ ಕಳೆದು ಅವನು ಹೊರಗೆ ಬರಬೇಕಿದ್ದದ್ದು 1862ರಲ್ಲಿ. ಆಗ ಅವನಿಗೆ 28 ಆಗಿರುತ್ತಿತ್ತು.